ಮೊದಲ ದಿನಗಳ ಮಗು: ಗಡಿನಾಡಿನ ಶಿಶುತರಗತಿಯಲ್ಲಿ ಹೊಂದಿಕೆಯ ಕಾಲ



ಕೇರಳದ ಶಾಲೆಗಳು ಬೇಸಗೆ ರಜೆ ಮುಗಿಸಿ ಬಾಗಿಲು ತೆರೆಯುವುದು ಜೂನ್ ತಿಂಗಳ ಆರಂಭದಲ್ಲಿ. ಮಳೆಗಾಲವೂ ಹೆಚ್ಚು ಕಡಿಮೆ ಅದೇ ದಿನಗಳಲ್ಲಿ ಕಾಲಿಡುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಕನ್ನಡ ಶಾಲೆಗಳಿಗೆ ಹೊಂದಿಕೊಂಡಿರುವ ಶಿಶುತರಗತಿಗಳಿಗೆ ಮೂರು ನಾಲ್ಕು ವರ್ಷದ ಪುಟಾಣಿಗಳು ಮೊದಲ ಬಾರಿಗೆ ಬರುವುದು ಈ ಮಳೆಯಲ್ಲೇ. ಮಾಡಿನ ಮೇಲೆ ಸುರಿಯುವ ನೀರಿನ ಸದ್ದು, ಮಂಕು ಬೆಳಕು, ಒದ್ದೆಯಾದ ಅಂಗಿ, ಗುರುತಿಲ್ಲದ ಮುಖಗಳು, ಗುರುತಿಲ್ಲದ ಮಾತು. ಇಷ್ಟನ್ನೂ ಮಗು ಒಂದೇ ಮುಂಜಾನೆ ಎದುರಿಸಬೇಕಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಕಡೆ ಶಾಲೆ ತೆರೆಯುವುದು ಜೂನ್ ತಿಂಗಳ ನಡುವಿನಲ್ಲಿ. ತಾಳವಾಡಿ, ಹೊಸೂರು, ಮಡಕಶಿರದ ಕಡೆ ಮಳೆಯ ಬಿರುಸು ಇಷ್ಟಿಲ್ಲ. ಆದರೆ ಆ ಪಟ್ಟಿಯ ಕೊನೆಯ ಮಾತು, ಗುರುತಿಲ್ಲದ ಮಾತು ಎಂಬುದು, ಗಡಿಯುದ್ದಕ್ಕೂ ಒಂದೇ.

ಕರ್ನಾಟಕದ ಒಳನಾಡಿನ ಹಳ್ಳಿಯೊಂದರಲ್ಲಿ ಮಗು ಅಂಗನವಾಡಿಗೆ ಹೋದಾಗ ಅದು ತಾಯಿಯಿಂದ ಅಗಲುತ್ತದೆ, ಅಷ್ಟೆ. ಗಡಿನಾಡಿನ ಮಗು ತಾಯಿಯಿಂದಲೂ ತಾಯಿಯ ಮಾತಿನಿಂದಲೂ ಒಟ್ಟಿಗೆ ಅಗಲುವ ಸಂದರ್ಭಗಳು ಹೆಚ್ಚು. ಇದು ಎರಡು ಬಗೆಯಲ್ಲಿ ನಡೆಯುತ್ತದೆ. ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಮಕ್ಕಳಲ್ಲಿ ಅನೇಕರ ಮನೆಯ ಮಾತು ತುಳು. ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಆಡುವ ಮನೆಗಳ ಮಕ್ಕಳೂ ಇದ್ದಾರೆ. ಹವ್ಯಕ ಕನ್ನಡದ ಮನೆಯ ಮಗುವಿಗೂ ತರಗತಿಯ ಕನ್ನಡ ಅರ್ಧ ಪರಕೀಯವೇ. ಇವರಿಗೆ ಕನ್ನಡ ಶಾಲೆಯೇ ಹೊಸ ಭಾಷೆಯ ಮನೆ. ಇನ್ನೊಂದು ಬಗೆಯಲ್ಲಿ, ಮನೆಯಲ್ಲಿ ಕನ್ನಡವನ್ನೇ ಆಡುವ ಮಗು ಮೂರನೆಯ ವರ್ಷದಲ್ಲಿ ರಾಜ್ಯಭಾಷೆಯನ್ನಷ್ಟೇ ಬಲ್ಲ ಕಾರ್ಯಕರ್ತೆಯಿರುವ ಅಂಗನವಾಡಿಗೆ ಹೋಗಿ, ಎರಡು ಮೂರು ವರ್ಷಗಳ ಬಳಿಕ ಕನ್ನಡ ಮಾಧ್ಯಮದ ಒಂದನೆಯ ತರಗತಿಗೆ ಮರಳಿ ಬರುತ್ತದೆ. ಈ ಎರಡನೆಯ ಮಗುವಿಗೆ ಹೊಂದಿಕೆಯ ಕಷ್ಟ ಎರಡು ಸಲ.

1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಅದರ ಮಾತು ಪ್ರಾಥಮಿಕ ಹಂತದ್ದು. ಮೂರು ವರ್ಷದ ಮಗುವಿನ ಹೆಸರು ಅಲ್ಲಿಲ್ಲ. ಆ ಕಾಲಕ್ಕೆ ಶಾಲಾಪೂರ್ವ ಶಿಕ್ಷಣ ಸರಕಾರದ ವ್ಯಾಪಕ ಕಾರ್ಯಕ್ರಮವಾಗಿರಲಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದೇ 1975ರ ಅಕ್ಟೋಬರ್ 2ರಂದು. 2009ರ ಶಿಕ್ಷಣ ಹಕ್ಕು ಕಾಯಿದೆಯ 11ನೆಯ ಕಲಂ ಮೂರು ವರ್ಷ ದಾಟಿದ ಮಕ್ಕಳ ಶಾಲಾಪೂರ್ವ ಶಿಕ್ಷಣಕ್ಕೆ ಸರಕಾರ ವ್ಯವಸ್ಥೆ ಮಾಡಬಹುದು ಎನ್ನುತ್ತದೆಯೇ ಹೊರತು ಭಾಷೆಯ ಪ್ರಶ್ನೆಯನ್ನು ಎತ್ತುವುದಿಲ್ಲ. ಹೀಗಾಗಿ ಭಾಷೆ ಬೇರೂರುವ ವಯಸ್ಸಿನಲ್ಲಿ ಮಗುವಿನ ಮಾತಿಗೆ ಕಾನೂನಿನ ಆಸರೆ ತೆಳುವಾಗಿದೆ. ಆ ತೆಳುವಾದ ಜಾಗದಲ್ಲಿ ನಿಂತಿರುವವರು ಅಧ್ಯಾಪಿಕೆ ಮತ್ತು ಆಯಾ. ಅವರು ಮೊದಲ ಹದಿನೈದು ದಿನ ಏನು ಮಾಡುತ್ತಾರೆ ಎಂಬುದೇ ಈ ಉಪನ್ಯಾಸದ ವಿಷಯ.

ಇದರಲ್ಲಿ ಶಾಲೆಯ ಉಳಿವಿನ ಪ್ರಶ್ನೆಯೂ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆರೋ ಏಳೋ ಮಕ್ಕಳಿರುವ ತರಗತಿಯಲ್ಲಿ ಒಂದು ಮಗು ಮೊದಲ ವಾರ ಅತ್ತು ಜ್ವರ ಬರಿಸಿಕೊಂಡರೆ, ಮನೆಯ ಅಜ್ಜಿ "ಪಾಪ, ಈ ವರ್ಷ ಬೇಡ" ಎನ್ನುತ್ತಾರೆ. ಮರುವರ್ಷ ಅದೇ ಮಗು ಮನೆಬಾಗಿಲಿಗೆ ವ್ಯಾನ್ ಬರುವ ಇಂಗ್ಲಿಷ್ ಮಾಧ್ಯಮದ ನರ್ಸರಿಗೆ ಹತ್ತುತ್ತದೆ. ಕನ್ನಡ ಶಾಲೆಗಳು ಮಕ್ಕಳನ್ನು ಕಳೆದುಕೊಳ್ಳುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚಿನವು ಅಧ್ಯಾಪಕರ ಕೈಯಲ್ಲಿಲ್ಲ. ಜೂನ್ ತಿಂಗಳ ಮೊದಲ ಎರಡು ವಾರಗಳು ಮಾತ್ರ ಬಹುಮಟ್ಟಿಗೆ ಅವರ ಕೈಯಲ್ಲಿವೆ.

ಮಗು ಏಕೆ ಅಳುತ್ತದೆ? ಹಟಕ್ಕಾಗಿ ಎಂದು ಹೇಳುವವರು ಈಗಲೂ ಇದ್ದಾರೆ. ಅಗಲಿಕೆಯ ಅಂಜಿಕೆ ಮಗುವಿಗೆ ಎಂಟು ಒಂಬತ್ತು ತಿಂಗಳ ಹೊತ್ತಿಗೆ ಕಾಣಿಸಿಕೊಂಡು, ಒಂದೂವರೆ ವರ್ಷದ ಆಸುಪಾಸಿನವರೆಗೆ ಬಲವಾಗಿದ್ದು, ಮೂರರ ಹೊತ್ತಿಗೆ ಇಳಿಯುತ್ತದೆ. ಗುರುತಿಲ್ಲದ ಜಾಗದಲ್ಲಿ ಗುರುತಿಲ್ಲದವರ ನಡುವೆ ಬಿಟ್ಟಾಗ ಇಳಿದದ್ದು ಮತ್ತೆ ಏರುತ್ತದೆ. ಜೊತೆಗೆ ಮೂರು ವರ್ಷದ ಮಗುವಿಗೆ ಗಡಿಯಾರವಿಲ್ಲ. "ಮೂರೂವರೆಗೆ ಬರುತ್ತೇನೆ" ಎಂಬ ತಾಯಿಯ ಮಾತು ಅದರ ಪಾಲಿಗೆ ಬರಿಯ ಸದ್ದು. ಹೋದವರು ಮರಳಿ ಬರುತ್ತಾರೆ ಎಂಬುದು ಅನುಭವದಿಂದ ಮಾತ್ರ ತಿಳಿಯುವ ಸಂಗತಿ. ಅನುಭವ ಆಗುವವರೆಗೆ ಅಳುವುದೇ ನ್ಯಾಯ. ಎಂದ ಮೇಲೆ ಅಳು ನಿಲ್ಲಿಸುವುದು ಅಧ್ಯಾಪಿಕೆಯ ಮೊದಲ ಕೆಲಸವಲ್ಲ. ಅಳುವ ಮಗುವಿಗೆ ಒಬ್ಬರು ಆಸರೆಯಾಗಿ ಸಿಗುವಂತೆ ನೋಡಿಕೊಳ್ಳುವುದು ಮೊದಲ ಕೆಲಸ.

ಈ ಮಾತಿಗೆ ಆಧಾರವಾಗಿ ಶಾಲೆಯಾಚೆಯ ಒಂದು ಪ್ರಸಂಗವನ್ನು ನೆನೆಯಬಹುದು. ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ ಒಂದು ಸಾಕ್ಷ್ಯಚಿತ್ರವನ್ನು ಹೊರತಂದರು. ಎರಡೂವರೆ ವರ್ಷದೊಳಗಿನ ಒಬ್ಬ ಹುಡುಗಿ ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿ ತಾಯಿಯಿಲ್ಲದೆ ಕಳೆದ ಕಥೆ ಅದು. ಆ ಕಾಲದ ದಾದಿಯರು, ತಾಯಿ ಬಂದು ಹೋದರೆ ಮಗು ಹೆಚ್ಚು ಅಳುತ್ತದೆ, ಬಾರದಿದ್ದರೆ ಬೇಗ ಹೊಂದಿಕೊಳ್ಳುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ್ದರು. ರಾಬರ್ಟ್‌ಸನ್ನರು ತೋರಿಸಿದ್ದು ಬೇರೆ. ಮೊದಲು ಮಗು ಪ್ರತಿಭಟಿಸುತ್ತದೆ, ಅನಂತರ ಕುಸಿಯುತ್ತದೆ, ಕೊನೆಗೆ ಬಂಧವನ್ನೇ ಬಿಟ್ಟುಕೊಟ್ಟಂತೆ ಸುಮ್ಮನಾಗುತ್ತದೆ. ದಾದಿಯರು ಹೊಂದಿಕೆ ಎಂದು ಕರೆದದ್ದು ಆ ಕೊನೆಯ ಮೌನವನ್ನು. 1959ರಲ್ಲಿ ಪ್ಲಾಟ್ ಸಮಿತಿಯ ವರದಿ ಆಸ್ಪತ್ರೆಯಲ್ಲಿರುವ ಮಕ್ಕಳನ್ನು ಹೆತ್ತವರು ನೋಡಲು ಬಿಡಬೇಕೆಂದು ಶಿಫಾರಸು ಮಾಡಿತು. ಶಿಶುತರಗತಿಯ ನಾಲ್ಕು ಗಂಟೆ ಆಸ್ಪತ್ರೆಯ ಎಂಟು ದಿನಗಳಲ್ಲ, ಹೋಲಿಕೆಯನ್ನು ಎಳೆಯಬಾರದು. ಆದರೂ "ಎರಡು ದಿನ ಅಳಲಿ, ಮೂರನೆಯ ದಿನ ತಾನೇ ಸುಮ್ಮನಾಗುತ್ತದೆ" ಎಂದು ಶಾಲೆಗಳಲ್ಲಿ ಕೇಳಿಬರುವ ಮಾತು ಆ ದಾದಿಯರ ಮಾತಿನ ಒಡಹುಟ್ಟು.

ಜರ್ಮನಿಯಲ್ಲಿ 1980ರ ದಶಕದಿಂದ ಬಳಕೆಗೆ ಬಂದ, ಬರ್ಲಿನ್ ಮಾದರಿ ಎಂದು ಹೆಸರಾದ ಒಂದು ಕ್ರಮವಿದೆ. ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನೊಡನೆ ಶಿಶುವಿಹಾರದ ಕೋಣೆಯಲ್ಲೇ ಒಂದೆರಡು ಗಂಟೆ ಕೂರುತ್ತಾರೆ. ಅಗಲಿಕೆಯ ಪ್ರಯತ್ನವೇ ಇಲ್ಲ. ನಾಲ್ಕನೆಯ ದಿನ ಸ್ವಲ್ಪ ಹೊತ್ತು, ಹೆಚ್ಚೆಂದರೆ ಅರ್ಧ ಗಂಟೆ, ಹೊರಗೆ ಹೋಗಿ ಬರುತ್ತಾರೆ. ಮಗು ಅತ್ತರೂ ಶಿಕ್ಷಕಿಯ ಕೈಯಲ್ಲಿ ಸಮಾಧಾನಗೊಂಡರೆ ಮುಂದಿನ ದಿನಗಳಲ್ಲಿ ಹೊತ್ತು ಹೆಚ್ಚುತ್ತದೆ. ಇಲ್ಲವಾದರೆ ಎರಡು ಹೆಜ್ಜೆ ಹಿಂದೆ. ಇದನ್ನು ಹಾಗೆಯೇ ಕುಂಬಳೆಗೋ ಸೊಲ್ಲಾಪುರಕ್ಕೋ ತರಲಾಗದು. ಬೀಡಿ ಕಟ್ಟುವ ತಾಯಿಗೆ ಒಂದು ಮುಂಜಾನೆ ಎಂದರೆ ಆ ದಿನದ ಎಲೆಯ ಲೆಕ್ಕ. ತೋಟದ ಕೆಲಸಕ್ಕೆ ಹೋಗುವವಳಿಗೆ ಅರ್ಧ ದಿನದ ಕೂಲಿ. ತಂದೆ ಕೊಲ್ಲಿಯಲ್ಲಿರುವ ಮನೆಗಳು ಕಾಸರಗೋಡಿನಲ್ಲಿ ಎಷ್ಟಿವೆ ಎಂಬುದನ್ನು ಈ ಸಭೆಯಲ್ಲಿರುವವರಿಗೆ ಹೇಳಬೇಕಾಗಿಲ್ಲ. ಆದರೆ ಜರ್ಮನಿಯ ಕುಟುಂಬಕ್ಕೆ ಸುಲಭವಾಗಿ ಸಿಗದ ಒಂದು ಅನುಕೂಲ ಇಲ್ಲಿದೆ: ಅಜ್ಜಿ. ಚಿಕ್ಕಮ್ಮ, ದೊಡ್ಡಮ್ಮ, ನೆರೆಮನೆಯ ಅಕ್ಕ. ಮಗುವಿಗೆ ಒಗ್ಗಿದ ಯಾರೇ ಆದರೂ ಮೂರು ದಿನ ಒಂದು ಗಂಟೆ ತರಗತಿಯ ಮೂಲೆಯಲ್ಲಿ ಚಾಪೆ ಹಾಕಿ ಕುಳಿತರೆ ಆ ಕ್ರಮದ ತಿರುಳು ದಕ್ಕಿತು. ಅಜ್ಜಿ ಬಂದರೆ ತರಗತಿ ಕೆಡುತ್ತದೆ ಎಂಬ ಮುಖ್ಯೋಪಾಧ್ಯಾಯರ ಆಕ್ಷೇಪಕ್ಕೆ ಉತ್ತರ ಸರಳ. ಅಜ್ಜಿ ಒಂದು ಕಥೆ ಹೇಳಲಿ, ಹೂ ಕಟ್ಟಲಿ. ಉಳಿದ ಮಕ್ಕಳೂ ಅವರ ಸುತ್ತ ಸೇರುತ್ತಾರೆ. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕರು ಕೆಲಸ ಆರಂಭಿಸಿದಾಗ, ಶಾಲೆಗೆ ಬಾರದ ಮಕ್ಕಳ ಬಳಿಗೆ ಶಾಲೆಯೇ ಹೋಗಿ ಅವರ ಮನೆಗಳ ಅಂಗಣದಲ್ಲಿ ಕುಳಿತಿತು. ಅಂಗನವಾಡಿ ಎಂಬ ಹೆಸರಿನಲ್ಲಿ ಆ ಅಂಗಣ ಈಗಲೂ ಇದೆ. ಅಂಗಣದಲ್ಲಿ ಅಜ್ಜಿ ಇರುವುದು ಸಹಜವಲ್ಲವೇ?

ಹೊಂದಿಕೆಯ ಕೆಲಸ ಜೂನ್‌ನಲ್ಲಿ ಆರಂಭವಾಗುವುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲೇ ಆಗಬೇಕು. ಅದಕ್ಕೆ ಬೇರೆ ಸಮಯ ಹುಡುಕಬೇಕಾಗಿಯೂ ಇಲ್ಲ. ಗಡಿನಾಡಿನ ಕನ್ನಡ ಅಧ್ಯಾಪಕರು ರಜೆಯಲ್ಲಿ ಮಕ್ಕಳ ಸೇರ್ಪಡೆಗಾಗಿ ಮನೆ ಮನೆ ಹತ್ತುತ್ತಾರೆ. ಅಲ್ಲಿ ಹೆತ್ತವರೊಡನೆ ಮಾತ್ರ ಮಾತಾಡಿ, ಮಜ್ಜಿಗೆ ಕುಡಿದು, ಅರ್ಜಿ ಕೊಟ್ಟು ಮರಳಿದರೆ ಅರ್ಧ ಕೆಲಸವಾಯಿತು. ಉಳಿದರ್ಧ ಮಗುವಿನದು. ಅದು ತಾಯಿಯ ಹಿಂದೆ ಅಡಗಿ ನೋಡುತ್ತಿರುತ್ತದೆ. ಅದನ್ನು ಎಳೆದು ಮಾತಾಡಿಸಬೇಕಾಗಿಲ್ಲ. ಅದರ ಕರುವನ್ನೋ ಬೆಕ್ಕನ್ನೋ ಕೇಳಿದರೆ ಸಾಕು. ಜೂನ್ ತಿಂಗಳಲ್ಲಿ "ನಿನ್ನ ಬೆಕ್ಕು ಹಾಲು ಕುಡಿಯಿತಾ?" ಎಂದು ಕೇಳುವ ಟೀಚರ್ ಅಪರಿಚಿತರಲ್ಲ; ಮನೆಗೆ ಬಂದಿದ್ದವರು. ಮೇ ತಿಂಗಳ ಕೊನೆಯಲ್ಲಿ ಒಮ್ಮೆ ಖಾಲಿ ಶಾಲೆಗೆ ಮಗುವನ್ನು ಕರೆಸಿ, ಉಯ್ಯಾಲೆ, ನೀರಿನ ಮಡಕೆ, ಶೌಚಾಲಯ, ಕುಳಿತುಕೊಳ್ಳುವ ಜಾಗ ತೋರಿಸಿದರೆ ಕಟ್ಟಡದ ಹೆದರಿಕೆ ಮುಗಿಯಿತು. ಜನರ ಹೆದರಿಕೆ ಮಾತ್ರ ಉಳಿಯುತ್ತದೆ. ಒಂದೊಂದು ಹೆದರಿಕೆಯನ್ನು ಒಂದೊಂದು ದಿನಕ್ಕೆ ಹಂಚುವುದರಲ್ಲಿ ಈ ಕೆಲಸದ ಗುಟ್ಟಿದೆ.

ಅದೇ ಮನೆಭೇಟಿಯಲ್ಲಿ ಅಧ್ಯಾಪಿಕೆಯ ನೋಟುಪುಸ್ತಕದಲ್ಲಿ ಒಂದು ಪುಟ ತುಂಬಬೇಕು. ಮಗುವನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೆ? ಜನನ ಪ್ರಮಾಣಪತ್ರದಲ್ಲಿರುವ ಉದ್ದ ಹೆಸರನ್ನು ಮಗು ಒಮ್ಮೆಯೂ ಕೇಳಿರಲಿಕ್ಕಿಲ್ಲ. ಅಪ್ಪು, ಚಿನ್ನು, ಪುಟ್ಟ ಎಂದೇ ಮೂರು ವರ್ಷ ಬೆಳೆದ ಮಗು ಹಾಜರಿ ಕರೆದಾಗ ಓಗೊಡದಿದ್ದರೆ ಅದು ಮಂಕಲ್ಲ, ಕಿವುಡೂ ಅಲ್ಲ. ಆ ಹೆಸರು ಯಾರದೋ. ಮೊದಲ ವಾರ ಮನೆಯ ಹೆಸರು, ಎರಡನೆಯ ವಾರ ಎರಡನ್ನೂ ಸೇರಿಸಿ, ಅನಂತರ ಶಾಲೆಯ ಹೆಸರು.

ಅದೇ ಪುಟದಲ್ಲಿ ಹತ್ತು ಪದಗಳು. ನೀರು, ಹಸಿವು, ಅಮ್ಮ, ಮನೆ, ನೋವು, ನಿದ್ದೆ, ಬೇಕು, ಬೇಡ, ಬಾ ಮತ್ತು ಶೌಚಕ್ಕೆ ಹೋಗಬೇಕೆಂದು ಹೇಳುವ ಪದ. ಇವು ಮಗುವಿನ ಮನೆಮಾತಿನಲ್ಲಿ ಏನೆಂದು ಬರೆದುಕೊಳ್ಳುವುದು. ಹಸಿವಿಗೆ ತುಳುವಿನಲ್ಲಿ ಬಡವು, ಮಲಯಾಳದಲ್ಲಿ ವಿಶಪ್ಪು, ತೆಲುಗಿನಲ್ಲಿ ಆಕಲಿ, ತಮಿಳಿನಲ್ಲಿ ಪಸಿ, ಮರಾಠಿಯಲ್ಲಿ ಭೂಕ್. "ಬಡವಾಪುಂಡು" ಎಂದು ಅಳುವ ಮಗುವಿನ ಮಾತಿನಲ್ಲಿ ಕನ್ನಡದ ಕಿವಿಗೆ ಬಡತನ ಕೇಳಿಸೀತೇ ಹೊರತು ಹಸಿವು ಕೇಳಿಸದು. ಇನ್ನೂ ತೊಡಕಿನದು ಇಲ್ಲ್ ಎಂಬ ಪದ. ತುಳುವಿನಲ್ಲಿ ಅದು ಮನೆ. "ಇಲ್ಲಡೆ ಪೋಪೆ" ಎಂದು ಮಗು ಬಿಕ್ಕುತ್ತಿದ್ದರೆ ಮನೆಗೆ ಹೋಗುತ್ತೇನೆ ಎನ್ನುತ್ತಿದೆ. ತುಳು ಬಾರದ ಅಧ್ಯಾಪಿಕೆಗೆ ಅದರಲ್ಲಿ ನಿರಾಕರಣೆಯ ಇಲ್ಲ ಕೇಳಿಸಿ, ಮಗು ಎಲ್ಲದಕ್ಕೂ ಇಲ್ಲ ಎನ್ನುತ್ತಿದೆ, ಹಟಮಾರಿ ಎಂದು ತೋರಬಹುದು. ಒಂದು ಪದದ ಅಂತರದಲ್ಲಿ ಮನೆಯನ್ನು ಬಯಸುವ ಮಗು ಹಟದ ಮಗುವಾಗಿಬಿಡುತ್ತದೆ. ಶೌಚದ ಪದವಂತೂ ಭಾಷೆಗೊಂದಲ್ಲ, ಮನೆಗೊಂದು. ಅದನ್ನು ಕೇಳಲು ಸಂಕೋಚಪಟ್ಟ ಅಧ್ಯಾಪಿಕೆ ಮೂರನೆಯ ದಿನ ನೆಲ ಒರೆಸಬೇಕಾಗುತ್ತದೆ. ಅಷ್ಟೇ ಆದರೆ ಚಿಂತೆಯಿಲ್ಲ. ಆ ಮಗು ನಾಲ್ಕನೆಯ ದಿನ ಶಾಲೆಗೆ ಬರಲು ಒಪ್ಪುವುದಿಲ್ಲ.

ಶೌಚಾಲಯದ ಬಗೆಗೆ ಇನ್ನೆರಡು ಮಾತು ಅಗತ್ಯ, ಏಕೆಂದರೆ ತರಬೇತಿಗಳಲ್ಲಿ ಇದು ಬೇಗ ದಾಟಿಹೋಗುವ ವಿಷಯ. ಕತ್ತಲೆಯ, ಚಿಲಕ ಎಟುಕದ, ನೀರು ಜೋರಾಗಿ ಸದ್ದು ಮಾಡುವ ಶೌಚಾಲಯಕ್ಕೆ ಒಬ್ಬಂಟಿಯಾಗಿ ಹೋಗಲು ಮಗು ಹೆದರುತ್ತದೆ. ಹೆದರಿದ ಮಗು ತಡೆಹಿಡಿಯುತ್ತದೆ. ತಡೆಹಿಡಿಯಲು ನೀರು ಕುಡಿಯುವುದನ್ನೇ ಬಿಡುತ್ತದೆ. ಸಂಜೆ ಹೊಟ್ಟೆನೋವು, ಉರಿಮೂತ್ರ. ಶಾಲೆಗೆ ಹೋದರೆ ಹೊಟ್ಟೆನೋವು ಎಂದು ಮನೆಯವರು ಹೇಳುವುದು ಎಷ್ಟೋ ಸಲ ನೆಪವಾಗಿರುವುದಿಲ್ಲ. ಮೊದಲ ಎರಡು ವಾರ ಆಯಾ ಇಲ್ಲವೇ ಅಧ್ಯಾಪಿಕೆ, ಕೇಳುವವರೆಗೆ ಕಾಯದೆ, ಬಂದ ಕೂಡಲೇ, ಊಟಕ್ಕೆ ಮುನ್ನ, ಹೊರಡುವ ಮುನ್ನ ಜೊತೆಗೇ ಕರೆದೊಯ್ಯಬೇಕು. ಪ್ರತಿಯೊಂದು ಮಗುವಿನ ಒಂದು ಜೊತೆ ಒಣ ಬಟ್ಟೆ ಶಾಲೆಯಲ್ಲಿರಬೇಕು. ಮಳೆಗಾಲದಲ್ಲಿ ಎರಡು ಜೊತೆ. ಒದ್ದೆಯಾದಾಗ ಉಳಿದ ಮಕ್ಕಳ ಮುಂದೆ ಒಂದು ಮಾತೂ ಬೇಡ.

ಬೆಳಗ್ಗಿನ ಬೀಳ್ಕೊಡುಗೆ ಇಡೀ ದಿನದ ಕಠಿಣ ಕ್ಷಣ. ಅಲ್ಲಿ ದೊಡ್ಡವರು ಅನುಸರಿಸುವ ಉಪಾಯಗಳಲ್ಲಿ ಅತ್ಯಂತ ಪ್ರಚಲಿತವಾದದ್ದೇ ಅತ್ಯಂತ ಕೆಟ್ಟದ್ದು: ಮಗು ಆಟಿಕೆ ನೋಡುತ್ತಿರುವಾಗ ತಾಯಿ ಕಣ್ತಪ್ಪಿಸಿ ಹೊರಟುಹೋಗುವುದು. ಹತ್ತು ನಿಮಿಷದ ಗಲಾಟೆ ತಪ್ಪುತ್ತದೆ, ನಿಜ. ಆದರೆ ಮಗು ಕಲಿಯುವುದೇನು? ಆಟಿಕೆಯ ಕಡೆ ನೋಡಿದರೆ ಅಮ್ಮ ಮಾಯವಾಗುತ್ತಾಳೆ ಎಂದು. ಮರುದಿನ ಅದು ಆಟಿಕೆಯ ಕಡೆ ನೋಡುವುದಿಲ್ಲ; ಸೆರಗು ಬಿಡುವುದಿಲ್ಲ. ಹೇಳಿಯೇ ಹೋಗಬೇಕು. ಚಿಕ್ಕದಾಗಿ, ಒಂದೇ ಬಗೆಯಲ್ಲಿ, ಪ್ರತಿದಿನ. "ಊಟ ಮಾಡು, ಮಲಗು, ಎದ್ದ ಮೇಲೆ ಅಮ್ಮ ಬರುತ್ತೇನೆ." ಗಂಟೆಯ ಲೆಕ್ಕಕ್ಕಿಂತ ಘಟನೆಯ ಲೆಕ್ಕ ಮಗುವಿಗೆ ಹಿಡಿಯುತ್ತದೆ. ಹೇಳಿದ ಮೇಲೆ ಹೊರಡಬೇಕು. ಗೇಟಿನ ತನಕ ಹೋಗಿ ಮೂರು ಸಲ ಮರಳಿ ಬಂದು ಮುದ್ದಿಸಿದರೆ ಅಗಲಿಕೆ ನಾಲ್ಕು ಸಲ ಆಯಿತು. ಹೇಳಿದ ಹೊತ್ತಿಗೆ ಬರಬೇಕು. ಮೊದಲ ವಾರ ಕೊನೆಯವರಾಗಿ ಬರುವ ತಾಯಿಯ ಮಗು, ಒಬ್ಬೊಬ್ಬರೇ ಹೊರಟುಹೋಗುವುದನ್ನು ನೋಡುತ್ತ ಕುಳಿತು ಕಳೆದ ಆ ಇಪ್ಪತ್ತು ನಿಮಿಷವನ್ನು ಮರುದಿನ ಬೆಳಗ್ಗೆ ನೆನಪಿಟ್ಟಿರುತ್ತದೆ. ರಕ್ಷಕರ ಮೊದಲ ಸಭೆಯಲ್ಲಿ ಶುಲ್ಕ, ಸಮವಸ್ತ್ರಗಳಿಗಿಂತ ಮೊದಲು ಈ ನಾಲ್ಕು ಮಾತು ಹೇಳಬೇಕು. ಮನೆಯಲ್ಲಿ "ಹಟ ಮಾಡಿದರೆ ಟೀಚರಿಗೆ ಹೇಳಿಕೊಡುತ್ತೇನೆ, ಹೊಡೆಯುತ್ತಾರೆ" ಎಂದು ಹೆದರಿಸಬಾರದೆಂದೂ ಅಲ್ಲೇ ಹೇಳುವುದು ಒಳಿತು. ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮನೆಯ ಬೆದರಿಕೆ ಮಾತ್ರ ಇನ್ನೂ ಬೆತ್ತ ಹಿಡಿದ ಟೀಚರನ್ನು ಜೀವಂತವಾಗಿಟ್ಟಿದೆ.

ತಾಯಿಯ ಹಳೆಯ ಸೀರೆಯ ತುಂಡನ್ನೋ ಮನೆಯ ಬಟ್ಟೆಬೊಂಬೆಯನ್ನೋ ಹಿಡಿದು ಬರುವ ಮಗುವಿನ ಕೈಯಿಂದ ಅದನ್ನು ಕಸಿಯಬಾರದು. ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಅರ್ಧ ಶತಮಾನಕ್ಕೂ ಹಿಂದೆಯೇ ಇಂಥ ವಸ್ತುಗಳ ಬಗೆಗೆ ಬರೆದಿದ್ದಾರೆ. ತಾಯಿ ಇರುವ ಲೋಕಕ್ಕೂ ಇಲ್ಲದ ಲೋಕಕ್ಕೂ ನಡುವಣ ಕಾಲುಸಂಕ ಅದು. ಕೊಳೆಯಾಗಿದೆ ಎಂದು ತೊಳೆದು ಕೊಟ್ಟರೂ ಮಗು ಒಪ್ಪದು, ವಾಸನೆ ಹೋಯಿತಲ್ಲ!

ಪ್ರವೇಶೋತ್ಸವದ ವಿಷಯದಲ್ಲಿ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕು. ಬಲೂನು, ತೋರಣ, ಚೆಂಡೆ, ಧ್ವನಿವರ್ಧಕ, ಪಂಚಾಯತು ಸದಸ್ಯರ ಭಾಷಣ: ಇವೆಲ್ಲ ಒಂದನೆಯ ತರಗತಿಯ ಮಗುವಿಗೆ ಹಬ್ಬವಾಗಬಹುದು, ಊರಿಗೆ ಶಾಲೆಯ ಮೇಲೆ ಅಭಿಮಾನ ಮೂಡಿಸುವುದಂತೂ ಸತ್ಯ. ಆದರೆ ಮೂರು ವರ್ಷದ ಮಗುವಿಗೆ ಧ್ವನಿವರ್ಧಕದ ಮುಂದೆ ಒಂದೂವರೆ ಗಂಟೆ ಕೂರುವುದು, ಯಾರೋ ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುವುದು, ಬಲೂನು ಒಡೆಯುವುದು ಹಬ್ಬವಲ್ಲ. ಪುಟಾಣಿಗಳ ಪ್ರವೇಶವನ್ನು ಉತ್ಸವದ ಮರುದಿನ, ಎರಡೆರಡು ಮೂರು ಮೂರು ಮಕ್ಕಳಂತೆ, ಮೊದಲ ದಿನ ಒಂದು ಗಂಟೆ, ಅನಂತರ ಎರಡು ಗಂಟೆ ಎಂದು ಹಂಚಿಕೊಂಡರೆ ಯಾವ ಸುತ್ತೋಲೆಯೂ ಮುರಿಯುವುದಿಲ್ಲ. ಹತ್ತು ಮಕ್ಕಳು ಒಟ್ಟಿಗೆ ಅತ್ತರೆ ಇಬ್ಬರು ದೊಡ್ಡವರಿಗೆ ಇರುವುದು ನಾಲ್ಕೇ ತೋಳು.

ಈಗ ಭಾಷೆಯ ಮಾತು. ಮನೆಮಾತಿನಲ್ಲಿ ಸಂತೈಸಿದರೆ ಕನ್ನಡ ಕಲಿಯುವುದು ಹಿಂದೆ ಬೀಳುತ್ತದೆ ಎಂಬ ಆತಂಕ ಕೆಲವು ಅಧ್ಯಾಪಕರಲ್ಲಿದೆ. ಕನ್ನಡಕ್ಕಾಗಿ ಹೋರಾಡಿ ಉಳಿಸಿಕೊಂಡ ಶಾಲೆಯಲ್ಲಿ ಆ ಆತಂಕ ಅರ್ಥವಾಗುವಂಥದ್ದೇ. ಆದರೆ ಅಳುವ ಮಗುವಿನ ಕಿವಿ ಯಾವ ಭಾಷೆಯನ್ನೂ ಕಲಿಯುವುದಿಲ್ಲ. ತುಳುವಿನಲ್ಲಿ ಒಮ್ಮೆ ಸಮಾಧಾನಗೊಂಡ ಮಗು ಕನ್ನಡದ ಹಾಡಿಗೆ ಕೈ ತಟ್ಟುತ್ತದೆ. ಕನ್ನಡ ಬರಬೇಕಾದದ್ದು ಆಜ್ಞೆಯಾಗಿ ಅಲ್ಲ, ದಿನಚರಿಯಾಗಿ. ಚಪ್ಪಲಿ ಬಿಡುವಾಗ, ಕೈ ತೊಳೆಯುವಾಗ, ತಟ್ಟೆ ಇಡುವಾಗ, ಚಾಪೆ ಹಾಸುವಾಗ ಪ್ರತಿದಿನ ಅದೇ ಜಾಗದಲ್ಲಿ ಅದೇ ವಾಕ್ಯ. "ಬನ್ನಿ, ಕೈ ತೊಳೆಯೋಣ." ಅಧ್ಯಾಪಿಕೆ ಹೇಳುತ್ತ ತಾನೇ ತೊಳೆದು ತೋರಿಸಿದರೆ ಅನುವಾದ ಬೇಕಿಲ್ಲ. ಎರಡನೆಯ ವಾರದಲ್ಲಿ ಮಾತು ಕೇಳಿದೊಡನೆ ಮಗು ನಲ್ಲಿಯ ಕಡೆ ಓಡುತ್ತದೆ. ಅದು ಕನ್ನಡ ಕಲಿತದ್ದಕ್ಕೆ ಮೊದಲ ಪುರಾವೆ. ಬಾಯಿಂದ ಒಂದು ಅಕ್ಷರ ಬಾರದಿದ್ದರೂ.

ಬಾಯಿಂದ ಬಾರದಿರುವ ಆ ಕಾಲ ಎಷ್ಟು? ಹೊಸ ಭಾಷೆಯ ನಡುವೆ ಬಿದ್ದ ಚಿಕ್ಕ ಮಗು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಮಾತಾಡದೆ ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಭಾಷಾ ಕಲಿಕೆಯನ್ನು ಅಧ್ಯಯನ ಮಾಡಿದವರು ಇದಕ್ಕೆ ಮೌನದ ಅವಧಿ ಎಂದೇ ಹೆಸರಿಟ್ಟಿದ್ದಾರೆ. ಈ ಅವಧಿಯಲ್ಲಿ "ಹೇಳು, ಹೇಳು, ಟೀಚರಿಗೆ ಹೇಳು" ಎಂದು ಎಲ್ಲರೆದುರು ಒತ್ತಾಯಿಸುವುದು, ಅತಿಥಿಗಳು ಬಂದಾಗ ನಿಲ್ಲಿಸಿ ಪದ್ಯ ಹೇಳಿಸುವುದು, ಮೌನವನ್ನು ಮತ್ತೆ ಒಂದು ತಿಂಗಳು ಮುಂದೂಡುತ್ತದೆ. ಮಾತಿನ ಬದಲು ಕೆಲಸ ಕೇಳಬೇಕು. ಕೆಂಪು ಚೆಂಡು ತಾ, ಅಜ್ಜಿಗೆ ಹೂ ಕೊಡು. ತಂದರೆ, ಕೊಟ್ಟರೆ, ಅರ್ಥವಾಗಿದೆ. ಬಳಿಕ ಒಂದು ದಿನ "ಟೀಚರ್, ನೀರ್ ಬೋಡು" ಎಂಬ ಬೆರಕೆ ವಾಕ್ಯ ಹೊರಡುತ್ತದೆ. "ಬೋಡು ಅಲ್ಲ, ಬೇಕು ಅನ್ನು" ಎಂದು ತಿದ್ದಿದರೆ ಆ ಬಾಗಿಲು ಮತ್ತೆ ಮುಚ್ಚೀತು. "ನೀರು ಬೇಕಾ? ಬಾ, ನೀರು ಕೊಡುತ್ತೇನೆ" ಎಂದು ಲೋಟ ಕೈಗಿಟ್ಟರೆ ತಿದ್ದುಪಡಿ ನೀರಿನ ಜೊತೆಗೇ ಒಳಹೋಗುತ್ತದೆ. ತಾಳವಾಡಿಯ ತಮಿಳು ಬಾಲವಾಡಿಯಿಂದ ಕನ್ನಡ ಶಾಲೆಗೆ ಬರುವ ಮಗು ತಣ್ಣಿ ಎಂದರೂ ಅಕ್ಕಲಕೋಟದ ಮಗು ಪಾಣಿ ಎಂದರೂ ಕ್ರಮ ಇದೇ.

ಅಳದ ಮಗುವಿನ ಕಡೆಗೆ ವಿಶೇಷ ಗಮನ ಬೇಕು. ಎಂಟು ಮಕ್ಕಳು ಅಳುವ ಕೋಣೆಯಲ್ಲಿ ಕಿಟಕಿಯ ಬಳಿ ಚೀಲವನ್ನು ಎದೆಗವಚಿಕೊಂಡು ಸುಮ್ಮನೆ ಕುಳಿತ ಒಂಬತ್ತನೆಯ ಮಗುವನ್ನು ಎಲ್ಲರೂ ಜಾಣಮರಿ ಎನ್ನುತ್ತಾರೆ. ಅದು ಚೀಲ ಕೆಳಗಿಡುತ್ತದೆಯೇ? ಉಣ್ಣುತ್ತದೆಯೇ? ಬಿದ್ದರೆ ಯಾರ ಕಡೆ ನೋಡುತ್ತದೆ? ಸಂಜೆ ತಾಯಿ ಬಂದಾಗ ಓಡುತ್ತದೆಯೋ, ಮುಖ ತಿರುಗಿಸುತ್ತದೆಯೋ? ತಾಯಿಯನ್ನು ಕಂಡೊಡನೆ ಭೋರೆಂದು ಅಳುವ ಮಗು ದಿನವಿಡೀ ತಡೆದದ್ದನ್ನು ಅಲ್ಲಿ ಇಳಿಸುತ್ತಿದೆ. ಶಾಲೆಯಲ್ಲಿ ಏನೋ ಆಯಿತೆಂದು ತಾಯಿ ಗಾಬರಿಯಾಗಬಾರದೆಂದು ಅವಳಿಗೆ ಮೊದಲೇ ಹೇಳಿಡಬೇಕು. ಚೀಲ ಕೆಳಗಿಡದ ಮಗುವಿನ ಪಕ್ಕದಲ್ಲಿ, ಮಾತಾಡಿಸದೆ, ಬತ್ತಿ ಹೊಸೆಯುತ್ತಲೋ ಎಲೆ ಜೋಡಿಸುತ್ತಲೋ ಹತ್ತು ನಿಮಿಷ ಕುಳಿತುಕೊಳ್ಳುವ ಅಧ್ಯಾಪಿಕೆ ದೊಡ್ಡ ಕೆಲಸವನ್ನೇ ಮಾಡುತ್ತಿದ್ದಾಳೆ, ದಿನಚರಿ ಪುಸ್ತಕದಲ್ಲಿ ಅದಕ್ಕೆ ಅಂಕಣವಿಲ್ಲದಿದ್ದರೂ.

ಅದೇ ಶಾಲೆಯ ಮೂರನೆಯ, ನಾಲ್ಕನೆಯ ತರಗತಿಯಲ್ಲಿ ಓದುವ ಅಕ್ಕನೋ ಅಣ್ಣನೋ ಇದ್ದರೆ ಆಸರೆ ಹೌದು. ಬಿಡುವಿನಲ್ಲಿ ಬಂದು ತಲೆ ಸವರಿ ಹೋಗಲಿ. ಆದರೆ ತಂಗಿ ಅತ್ತಾಗಲೆಲ್ಲ ಅಕ್ಕನನ್ನು ತರಗತಿಯಿಂದ ಎಬ್ಬಿಸಿ ಕರೆಸುವುದು ಸಲ್ಲದು. ಒಂಬತ್ತು ವರ್ಷದ ಹುಡುಗಿ ಆಯಾ ಅಲ್ಲ. ಅವಳ ಗಣಿತದ ಪಾಠ ಅವಳದು.

ಊಟದ ವಿಷಯ ಸಂಕ್ಷೇಪವಾಗಿ: ಮನೆಯಲ್ಲಿ ತುತ್ತು ಕಲಸಿ ಉಣಿಸಿಕೊಳ್ಳುವ ಮಗುವಿಗೆ ಮೊದಲ ವಾರ ಶಾಲೆಯಲ್ಲೂ ನಾಲ್ಕು ತುತ್ತು ಉಣಿಸಿದರೆ ಸ್ವಾವಲಂಬನೆ ಕೆಡುವುದಿಲ್ಲ. ಕುಚ್ಚಲಕ್ಕಿಯ ಮನೆಯ ಮಗು ಬೆಳ್ತಿಗೆ ಅನ್ನವನ್ನು ನೋಡಿ ಮುಖ ತಿರುಗಿಸಬಹುದು. ರೊಟ್ಟಿಯ ಮನೆಯ ಮಗು ಖಿಚಡಿಯನ್ನು. ಬಲವಂತ ಬೇಡ, ಪಕ್ಕದ ಮಗು ಉಣ್ಣುವುದನ್ನು ನೋಡುತ್ತ ನೋಡುತ್ತ ಅದು ತಾನೇ ಕೈ ಹಾಕುತ್ತದೆ.

ಹೆಚ್ಚಿನ ಮಕ್ಕಳು ಎರಡರಿಂದ ನಾಲ್ಕು ವಾರಗಳಲ್ಲಿ ನೆಲೆಗೊಳ್ಳುತ್ತಾರೆ. ಒಂದೂವರೆ ತಿಂಗಳಾದರೂ ಮಗು ಉಣ್ಣದಿದ್ದರೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ನಿಂತಿದ್ದರೆ, ಯಾರ ಕಣ್ಣನ್ನೂ ನೋಡದಿದ್ದರೆ, ಕರೆದ ಕಡೆ ತಿರುಗದಿದ್ದರೆ, ಕಾಯುವುದು ಸಾಕು. ಇಲ್ಲಿ ಮೊದಲ ಪ್ರಶ್ನೆ ಮನೆಯವರಿಗೆ: ಮನೆಯಲ್ಲಿ ಮಾತಾಡುತ್ತದೆಯೇ? ಮನೆಯಲ್ಲಿ ಹರಟುವ ಮಗು ಶಾಲೆಯಲ್ಲಿ ಮೂಕವಾಗಿದ್ದರೆ ಅದು ಭಾಷೆಯ ಮೌನವಾಗಿರಬಹುದು, ಅಂಜಿಕೆಯದೂ ಆಗಿರಬಹುದು. ಮನೆಯಲ್ಲೂ ಮಾತು ಕಡಿಮೆಯಾದರೆ ಮೊದಲು ಕಿವಿಯ ಪರೀಕ್ಷೆ ಆಗಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯಕೀಯ ತಂಡ ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಶಾಲಾ ಮಕ್ಕಳನ್ನು ಒಂದು ಸಲ ತಪಾಸಣೆ ಮಾಡಬೇಕು. ತಂಡ ಬಂದ ದಿನ ಆ ಮಗುವನ್ನು ಸಾಲಿನ ಕೊನೆಗೆ ನಿಲ್ಲಿಸದೆ, ಮನೆಮಾತು ಬಲ್ಲ ಒಬ್ಬರನ್ನು ಜೊತೆಗಿರಿಸಬೇಕು. ಕನ್ನಡದಲ್ಲೋ ಮಲಯಾಳದಲ್ಲೋ ಕೇಳಿದ ಪ್ರಶ್ನೆಗೆ ತುಳುವಿನ ಮಗು ಉತ್ತರಿಸಲಿಲ್ಲವೆಂದು ಅದರ ಬುದ್ಧಿಯ ಬಗೆಗೆ ಕಾಗದದ ಮೇಲೆ ಬರೆದದ್ದು ಅಳಿಸುವುದು ಕಷ್ಟ.

ಕರಾವಳಿಯ ಶಾಲೆಗಳಿಗೆ ಇನ್ನೊಂದು ತೊಡಕಿದೆ. ಮಳೆ ಬಲವಾದಾಗ ಜಿಲ್ಲಾಧಿಕಾರಿಗಳು ರಜೆ ಸಾರುತ್ತಾರೆ. ಹೊಂದಿಕೆಯ ಮಧ್ಯದಲ್ಲಿ ಮೂರು ದಿನ ಮನೆಯಲ್ಲೇ ಉಳಿದ ಮಗುವಿಗೆ ನಾಲ್ಕನೆಯ ದಿನ ಮತ್ತೆ ಮೊದಲ ದಿನ. ಓಣಂ ರಜೆ ಮುಗಿದಾಗ, ಸೊಲ್ಲಾಪುರದ ಕಡೆ ದೀಪಾವಳಿ ಮುಗಿದಾಗ, ತಾಳವಾಡಿಯಲ್ಲಿ ಪೊಂಗಲ್ ಮುಗಿದಾಗ ಹೀಗೆಯೇ. ನಿಂತಿದ್ದ ಅಳು ಮರಳಿತೆಂದರೆ ಮಾಡಿದ್ದೆಲ್ಲ ವ್ಯರ್ಥವಾಯಿತೆಂದಲ್ಲ. ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ರಜೆಯ ಮರುದಿನ ಹೊಸ ಪಾಠ, ಹೊಸ ಹಾಡು ಬೇಡ. ಹಳೆಯ ಹಾಡು, ಹಳೆಯ ಜಾಗ, ಹಳೆಯ ವಾಕ್ಯ. ಆ ದಿನ ಅಧ್ಯಾಪಿಕೆ ತರಬೇತಿಗೆಂದು ಹೊರಹೋಗದಂತೆ ಮುಖ್ಯೋಪಾಧ್ಯಾಯರು ನೋಡಿಕೊಂಡರೆ ಅದೊಂದು ಉಪಕಾರ.

ವರ್ಷದ ನಡುವೆ ಬರುವ ಮಕ್ಕಳೂ ಇದ್ದಾರೆ. ಕೆಲಸ ಅರಸಿ ಊರು ಬಿಟ್ಟು ಬಂದ ಕುಟುಂಬದ ಮಗು ನವೆಂಬರಿನಲ್ಲಿ ಬಂದು ನಿಂತಾಗ ಉಳಿದ ಮಕ್ಕಳೆಲ್ಲ ಹೊಂದಿಕೊಂಡಿರುತ್ತಾರೆ, ದಿನಚರಿ ಓಡುತ್ತಿರುತ್ತದೆ, ಒಬ್ಬ ಮಗುವಿಗಾಗಿ ಅದನ್ನು ನಿಲ್ಲಿಸಲು ಮನಸ್ಸಾಗುವುದಿಲ್ಲ. ಆ ಮಗುವಿಗೂ ಮೂರು ದಿನ ಮನೆಯವರೊಬ್ಬರು ಜೊತೆಗಿರಬೇಕು, ಮೊದಲ ದಿನ ಒಂದೇ ಗಂಟೆ ಇರಬೇಕು, ಒಣ ಬಟ್ಟೆಯ ಚೀಲಕ್ಕೆ ಒಂದು ಮೊಳೆ ಇರಬೇಕು. ಅದರ ಮನೆಮಾತು ಆ ಶಾಲೆಯಲ್ಲಿ ಯಾರೂ ಕೇಳದ ಮಾತಾಗಿರಬಹುದು. ಅಧ್ಯಾಪಿಕೆ ನೋಟುಪುಸ್ತಕದಲ್ಲಿ ಹೊಸ ಪುಟ ತೆರೆದು, ಮನೆಯಲ್ಲಿ ಕರೆಯುವ ಹೆಸರನ್ನು ಮೇಲೆ ಬರೆದು, ಅದರ ಕೆಳಗೆ ನೀರಿಗೆ ಏನೆನ್ನುತ್ತಾರೆಂದು ತಾಯಿಯನ್ನು ಕೇಳುವುದರಿಂದ ಅಲ್ಲಿಯೂ ಕೆಲಸ ತೊಡಗುತ್ತದೆ.